ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳು, ಅಮೆರಿಕದ ಕಾಲೇಜು, ನಮ್ಮ ನಿರೀಕ್ಷೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಪೋಷಕರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ನನ್ನ ಕ್ಲಾಸಿನಲ್ಲಿ ಇರುವವರೆಲ್ಲ ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳು. ಜಾಸ್ತಿ ಜನ ಸ್ಪ್ಯಾನಿಷ್ ಮಾತಾಡುವವರು. ಚೀನೀ, ಅರಬ್ಬೀ, ವಿಯೆಟ್ನಾಮೀ, ಪಂಜಾಬಿ ಮಾತಾಡುವವರಿದ್ದಾರೆ. ಆಗಾಗ ನಮ್ಮ ಮಕ್ಕಳೂ ಬರುತ್ತಾರೆ.

ಒಂದು ಉತ್ತರ ಪತ್ರಿಕೆಯಿಂದ ಮಾತು ಶುರು ಮಾಡುತ್ತೇನೆ. ಬಯಾಲಜಿ ಪರೀಕ್ಷೆಯದು. ಬರೆದವಳು ಹತ್ತನೇ ಗ್ರೇಡಿನ ಹುಡುಗಿ. ಈ ದೇಶಕ್ಕೆ ಬಂದು ಆಗ 14 ತಿಂಗಳಾಗಿತ್ತು. ಆಲೂಗಡ್ಡೆ ಚೂರುಗಳನ್ನು ಉಪ್ಪುನೀರಿನಲ್ಲಿಟ್ಟು, ಮೊದಲಿನ ತೂಕ, ಆಮೇಲಿನ ತೂಕ ನೋಡುವ ಪ್ರಯೋಗ. ಪ್ರಶ್ನೆ ಹೀಗಿತ್ತು: 'ಅಕೌಂಟ್ ಫಾರ್ ದ ಚೇಂಜ್ ಇನ್ ಮಾಸ್.' ತೂಕ ಯಾಕೆ ಬದಲಾಯಿತು, ಕಾರಣ ಕೊಡು ಅಂತ ಅರ್ಥ. ಹುಡುಗಿಗೆ ಗೊತ್ತಿದ್ದದ್ದು ಅಕೌಂಟ್ ಎಂದರೆ ಲೆಕ್ಕ. ಸ್ಕೇಲ್ ಹಿಡಿದು ನೀಟಾಗಿ ಗೆರೆ ಎಳೆದಿದ್ದಾಳೆ. ಮೂರು ಕಾಲಂ ಮಾಡಿದ್ದಾಳೆ. ಮೊದಲಿನ ತೂಕ, ಆಮೇಲಿನ ತೂಕ, ವ್ಯತ್ಯಾಸ. ಒಂದು ಸಂಖ್ಯೆಯೂ ತಪ್ಪಿಲ್ಲ. ಸಿಕ್ಕಿದ್ದು 6ಕ್ಕೆ 1.

ಊಟದ ಬಿಡುವಿನಲ್ಲಿ ಆ ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಆಲೂಗಡ್ಡೆ ತೂಕ ಯಾಕೆ ಕಮ್ಮಿ ಆಯ್ತು?" ಅಂತ ಕೇಳಿದೆ. ನಿಂತಲ್ಲೇ ಹೇಳಿದಳು. ಹೊರಗಿನ ನೀರಿನಲ್ಲಿ ಉಪ್ಪು ಜಾಸ್ತಿ, ಅದಕ್ಕೆ ಒಳಗಿನ ನೀರು ಜೀವಕೋಶದ ಪೊರೆ ದಾಟಿ ಹೊರಗೆ ಹೋಯಿತು. ಪಾಠ ಅವಳಿಗೆ ಪೂರ್ತಿ ಗೊತ್ತಿತ್ತು. ಪ್ರಶ್ನೆ ಗೊತ್ತಾಗಲಿಲ್ಲ.

ಇದೇ ಹುಡುಗಿ ಕಾರಿಡಾರಿನಲ್ಲಿ ಗೆಳತಿಯರ ಜೊತೆ ಪಟಪಟ ಅಂತ ಇಂಗ್ಲಿಷ್ ಮಾತಾಡುತ್ತಾಳೆ. ಹಿಂದಿನ ತಿಂಗಳಷ್ಟೇ ಅವಳ ಅಮ್ಮ ನನಗೆ ಹೇಳಿದ್ದರು: "ಮೇಡಂ, ಅವಳಿಗೆ ಇಂಗ್ಲಿಷ್ ಬಂದುಬಿಟ್ಟಿದೆ. ಆ ಕ್ಲಾಸಿನಿಂದ ತೆಗೆದುಬಿಡಿ. ಕಾಲೇಜಿಗೆ ಅಪ್ಲೈ ಮಾಡುವಾಗ ತೊಂದರೆ ಆಗುತ್ತೆ."

ಆ ತಾಯಿಯ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಮಾತಾಡುವ ಇಂಗ್ಲಿಷ್ ಬೇರೆ, ಓದಿನ ಇಂಗ್ಲಿಷ್ ಬೇರೆ. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲೇ ಈ ಎರಡನ್ನೂ ಬೇರೆ ಬೇರೆ ಮಾಡಿ ತೋರಿಸಿದರು. ಆಟದ ಮೈದಾನದ ಭಾಷೆ ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಪಠ್ಯಪುಸ್ತಕದ ಭಾಷೆಯಲ್ಲಿ ಉಳಿದವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಆಮೇಲೆ 2000ನೇ ಇಸವಿಯಲ್ಲಿ ಸ್ಟ್ಯಾನ್‌ಫರ್ಡ್‌ನ ಕೆಂಜಿ ಹಕೂಟ ಮತ್ತು ಜೊತೆಗಾರರು ಕ್ಯಾಲಿಫೋರ್ನಿಯಾದ ಮಕ್ಕಳ ಅಂಕಿ ಅಂಶವನ್ನೂ ಇಟ್ಟುಕೊಂಡು ನೋಡಿದರು. ಮಾತಿಗೆ ಮೂರರಿಂದ ಐದು ವರ್ಷ, ಓದು ಬರಹಕ್ಕೆ ನಾಲ್ಕರಿಂದ ಏಳು ವರ್ಷ ಅಂತ ಕಂಡುಕೊಂಡರು.

ಈಗ ಕ್ಯಾಲೆಂಡರ್ ನೋಡಿ. ಮಗು ಹತ್ತನೇ ಗ್ರೇಡಿನ ಶುರುವಿಗೆ ಇಲ್ಲಿಗೆ ಬಂತು ಅಂದುಕೊಳ್ಳಿ. ಕಾಲೇಜಿನ ಅರ್ಜಿ ಹಾಕುವುದು ಹನ್ನೆರಡನೇ ಗ್ರೇಡಿನ ಅಕ್ಟೋಬರ್, ನವೆಂಬರ್‌ನಲ್ಲಿ. ನಡುವೆ ಇರುವುದು ಎರಡು ವರ್ಷ ಮೂರು ತಿಂಗಳು. ಭಾಷೆ ನಾಲ್ಕು ವರ್ಷ ಕೇಳುತ್ತದೆ, ಅರ್ಜಿ ಎರಡೇ ವರ್ಷ ಕೊಡುತ್ತದೆ. ಇದು ಮಗುವಿನ ಬುದ್ಧಿಯ ಮಾತೇ ಅಲ್ಲ, ಶ್ರಮದ ಮಾತೂ ಅಲ್ಲ. ಎರಡು ಲೆಕ್ಕ ಕೂಡುತ್ತಿಲ್ಲ, ಅಷ್ಟೇ. ನಾನು ಇವತ್ತು ಹೇಳುವುದೆಲ್ಲ ಈ ಕೊರತೆ ಬೀಳುವ ವರ್ಷಗಳನ್ನು ಎಲ್ಲಿಂದ ತರುವುದು ಅನ್ನುವುದರ ಬಗ್ಗೆ.

ಮನೆಯಲ್ಲಿ ಏನಾಗುತ್ತದೆ ಅಂದರೆ, ಪಕ್ಕದ ಮನೆಯ ಹುಡುಗ ಬರ್ಕ್ಲಿ ಯೂನಿವರ್ಸಿಟಿಗೆ ಹೋದ ಅಂತ ಸುದ್ದಿ ಬರುತ್ತದೆ. ಆ ಹುಡುಗ ಇಲ್ಲೇ ಹುಟ್ಟಿದವನು. ಅವನ ಅಳತೆಯ ಅಂಗಿ ನಮ್ಮ ಮಗುವಿಗೆ ತೊಡಿಸಲು ಹೊರಡುತ್ತೇವೆ. ಸಾಲದಿದ್ದರೆ ಮಗುವನ್ನೇ ಬೈಯುತ್ತೇವೆ. ನನ್ನ ಕ್ಲಾಸಿನಲ್ಲಿ ಕೂತು ಅಳುವ ಮಕ್ಕಳಲ್ಲಿ ಕಮ್ಮಿ ಅಂಕ ಬಂತು ಅಂತ ಅಳುವವರು ಕಮ್ಮಿ. ಮನೆಗೆ ಹೋಗಿ ಹೇಗೆ ಹೇಳಲಿ ಅಂತ ಅಳುವವರು ಜಾಸ್ತಿ.

ಹೆಸರಾಂತ ಕಾಲೇಜುಗಳ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಹಾರ್ವರ್ಡ್ ಅರ್ಜಿ ಹಾಕಿದ 100 ಜನರಲ್ಲಿ 5ಕ್ಕಿಂತ ಕಡಿಮೆ ಜನರನ್ನು ತೆಗೆದುಕೊಳ್ಳುತ್ತದೆ. ಸೀಟು ಸಿಗದವರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ಹುಟ್ಟಿನಿಂದ ಬಂದ ಭಾಷೆ. ಹಾಗಾಗಿ ಅಲ್ಲಿ ಸಿಗಲಿಲ್ಲ ಅಂದರೆ ಅದಕ್ಕೆ ಇಂಗ್ಲಿಷ್ ಕಾರಣ ಅಂತಲೂ ಹೇಳಲಾಗದು. "ಹಾರ್ವರ್ಡ್ ಟೋಫೆಲ್ ಕೇಳುವುದಿಲ್ಲವಂತೆ, ಅಲ್ವಾ ಮೇಡಂ?" ಅಂತ ಒಬ್ಬರು ಕೇಳಿದರು. ಟೋಫೆಲ್ ಅಂದರೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಪರೀಕ್ಷೆ. ಹೌದು, ಕೇಳುವುದಿಲ್ಲ. ಹಾಗಂತ ಅಲ್ಲಿ ಇಂಗ್ಲಿಷ್ ಬೇಡ ಅಂತಲ್ಲ. ಪ್ರಬಂಧ, ಶಿಕ್ಷಕರ ಪತ್ರ, ತೆಗೆದುಕೊಂಡ ಕ್ಲಾಸು, ಎಲ್ಲದರಲ್ಲೂ ಇಂಗ್ಲಿಷ್ ಕಾಣುತ್ತದೆ. ಆಸೆಯಿದ್ದರೆ ಅಂಥ ಒಂದು ಅರ್ಜಿ ಹಾಕಿ. ಬೇಡ ಅನ್ನುವುದಿಲ್ಲ. ಆದರೆ ಮನೆಯ ಯೋಜನೆಯನ್ನು ಅದರ ಮೇಲೆ ಕಟ್ಟಬೇಡಿ. ಈ ದೇಶದ ನಾಲ್ಕು ವರ್ಷದ ಕಾಲೇಜುಗಳಲ್ಲಿ ಜಾಸ್ತಿ ಪಾಲು ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸೀಟು ಕೊಡುತ್ತವೆ. ಅವುಗಳ ಹೆಸರು ನಮ್ಮ ಮಾತುಕತೆಯಲ್ಲಿ ಬರುವುದೇ ಇಲ್ಲ.

ಹಾಗಾದರೆ ನಮ್ಮ ಮಗು ಈಗ ಎಲ್ಲಿದೆ? ಇದನ್ನು ಊಹೆ ಮಾಡಬೇಕಾಗಿಲ್ಲ. ನಿಮ್ಮ ಮನೆಗೆ ವರ್ಷಕ್ಕೊಮ್ಮೆ ಶಾಲೆಯಿಂದ ಒಂದು ಹಾಳೆ ಬರುತ್ತದೆ. ಇಂಗ್ಲಿಷ್ ಕಲಿಯುತ್ತಿರುವ ಪ್ರತಿ ಮಗುವಿಗೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಬೇಕು ಅಂತ ಫೆಡರಲ್ ಕಾನೂನಿದೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಎಲ್‌ಪ್ಯಾಕ್. ಟೆಕ್ಸಸ್‌ನಲ್ಲಿ ಟೆಲ್‌ಪಾಸ್. ಬಹಳ ರಾಜ್ಯಗಳಲ್ಲಿ ವೀಡಾ ಆಕ್ಸೆಸ್. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು, ನಾಲ್ಕನ್ನೂ ನೋಡುತ್ತಾರೆ. ತುಂಬಾ ಮನೆಗಳಲ್ಲಿ ಆ ಹಾಳೆ ಕವರಿನಿಂದ ಹೊರಗೇ ಬಂದಿರುವುದಿಲ್ಲ. ದಯವಿಟ್ಟು ಇವತ್ತು ರಾತ್ರಿ ಹುಡುಕಿ ತೆಗೆಯಿರಿ. ಒಟ್ಟು ಅಂಕ ಬಿಡಿ, ಓದು ಮತ್ತು ಬರಹದ ಸಾಲು ನೋಡಿ. ಮಾತಿನ ಅಂಕ ಬೇಗ ಮೇಲೆ ಹೋಗುತ್ತದೆ. ಬರಹ ಕೊನೆಗೆ ಏರುತ್ತದೆ. ಕಾಲೇಜಿನಲ್ಲಿ ಕೈ ಹಿಡಿಯುವುದು ಆ ಕೊನೆಯದು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ಮಕ್ಕಳ ಬಗ್ಗೆಯೂ ಇಲ್ಲೇ ಹೇಳುತ್ತೇನೆ. "ನಮ್ಮ ಮಗಳು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಅವಳನ್ನು ಯಾಕೆ ಈ ಕ್ಲಾಸಿಗೆ ಹಾಕಿದರು?" ಅಂತ ಪೋಷಕರು ಬೇಜಾರಾಗುತ್ತಾರೆ. ಆ ಮಕ್ಕಳು ಪಠ್ಯ ಓದಬಲ್ಲರು, ವ್ಯಾಕರಣ ಗೊತ್ತು. ಆದರೆ ನೋಟ್ಸಿನಲ್ಲಿದ್ದ ಉತ್ತರವನ್ನು ಬಾಯಿಪಾಠ ಮಾಡಿ ಬರೆದು ರೂಢಿ. ಇಲ್ಲಿ ಶಿಕ್ಷಕರು ಕೇಳುವುದೇ ಬೇರೆ. ಈ ಲೇಖಕರ ಮಾತು ನೀನು ಒಪ್ಪುತ್ತೀಯಾ, ಯಾಕೆ, ಪಠ್ಯದಿಂದ ಎರಡು ಸಾಕ್ಷಿ ಕೊಡು. ಸ್ವಂತ ಮಾತಿನಲ್ಲಿ ಒಂದು ಪುಟ. ಆ ಅಭ್ಯಾಸ ಬರಲು ಒಂದೂವರೆ ವರ್ಷವಾದರೂ ಬೇಕು ಅನ್ನುವುದು ನಾನು ಕಂಡ ಮಾತು.

ಇಂಗ್ಲಿಷ್ ಕಲಿಕೆಯ ಕ್ಲಾಸಿನಿಂದ ಮಗುವನ್ನು ಹೊರಗೆ ತೆಗೆಯುವ ಹಕ್ಕು ಪೋಷಕರಿಗೆ ಇದೆ. ತೆಗೆದರೂ ವರ್ಷದ ಪರೀಕ್ಷೆ ತಪ್ಪುವುದಿಲ್ಲ. ತಪ್ಪುವುದು ಆ ಕ್ಲಾಸಿನ ಸಹಾಯ ಮಾತ್ರ. ಈ ಸಹಾಯ ಸುಮ್ನೆ ಬಂದದ್ದಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಚೀನೀ ಮಾತಾಡುವ ಮಕ್ಕಳ ಪರವಾಗಿ ಹಾಕಿದ ಲಾವ್ ವರ್ಸಸ್ ನಿಕೋಲ್ಸ್ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅರ್ಥವಾಗದ ಭಾಷೆಯಲ್ಲಿ ಒಂದೇ ಪುಸ್ತಕ ಕೊಟ್ಟು ಕೂರಿಸಿದರೆ ಅದು ಸಮಾನ ಅವಕಾಶ ಅಲ್ಲ ಅಂತ 1974ರಲ್ಲಿ ತೀರ್ಪು ಬಂತು. ನಮ್ಮ ಮಕ್ಕಳು ಇವತ್ತು ಆ ತೀರ್ಪಿನ ನೆರಳಿನಲ್ಲೇ ಕೂತಿದ್ದಾರೆ.

ಆದರೆ ಒಂದು ವಿಷಯದಲ್ಲಿ ನೀವು ಎಚ್ಚರ ಇರಲೇಬೇಕು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಹೈಸ್ಕೂಲಿನ ನಾಲ್ಕು ವರ್ಷದ ಇಂಗ್ಲಿಷ್ ಕೇಳುತ್ತದೆ. ಅದರಲ್ಲಿ ಇಂಗ್ಲಿಷ್ ಕಲಿಕೆಯ ಕ್ಲಾಸು ಒಂದು ವರ್ಷದ ಮಟ್ಟಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮಗು ಮೂರು ವರ್ಷ ಅದೇ ಕ್ಲಾಸಿನಲ್ಲಿ ಚೆನ್ನಾಗಿ ಓದಿ ಎ ಗ್ರೇಡ್ ತಂದರೂ, ಹನ್ನೆರಡನೇ ಗ್ರೇಡಿನಲ್ಲಿ "ಇಂಗ್ಲಿಷ್ ಎರಡು ವರ್ಷ ಕಮ್ಮಿ ಇದೆ" ಅನ್ನುವ ಮಾತು ಕೇಳಬೇಕಾಗುತ್ತದೆ. ಇದನ್ನು ತಡವಾಗಿ ತಿಳಿದುಕೊಂಡು ಕುಸಿದು ಕೂತ ಮನೆಯವರನ್ನು ನಾನು ನೋಡಿದ್ದೇನೆ. ಮಗು ಹತ್ತನೇ ಗ್ರೇಡಿನಲ್ಲಿದ್ದಾಗಲೇ ಕೌನ್ಸೆಲರ್, ಅಂದರೆ ಯಾವ ಕ್ಲಾಸು ತೆಗೆದುಕೊಳ್ಳಬೇಕು ಅಂತ ಸಲಹೆ ಕೊಡುವ ಶಾಲೆಯವರ ಹತ್ತಿರ ಹೋಗಿ. ಕಲಿಕೆಯ ಕ್ಲಾಸಿನ ಜೊತೆಗೇ ಮಾಮೂಲಿ ಇಂಗ್ಲಿಷ್ ಕ್ಲಾಸೂ ತೆಗೆದುಕೊಳ್ಳಬಹುದಾ, ಬೇಸಿಗೆಯಲ್ಲಿ ಒಂದು ಮಾಡಬಹುದಾ ಅಂತ ಕೇಳಿ.

ಪರೀಕ್ಷೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅದರ ಬಗ್ಗೆ ನಮ್ಮವರಲ್ಲಿ ಚರ್ಚೆ ಅಗತ್ಯಕ್ಕಿಂತ ಜಾಸ್ತಿಯೇ ನಡೆಯುತ್ತದೆ. ಟೋಫೆಲ್ ಇಷ್ಟು ದಿನ 120 ಅಂಕಕ್ಕೆ ಇತ್ತು. 2026ರ ಜನವರಿಯಿಂದ 1ರಿಂದ 6ರ ಅಳತೆ ಬಂದಿದೆ, ಸದ್ಯಕ್ಕೆ ಹಳೆಯ ಅಳತೆಯ ಅಂಕವನ್ನೂ ಜೊತೆಗೆ ತೋರಿಸುತ್ತಾರೆ. ಇಂಥದ್ದೇ ಇನ್ನೊಂದು ಪರೀಕ್ಷೆ ಐಇಎಲ್‌ಟಿಎಸ್ 9ಕ್ಕೆ. ಡ್ಯುಯೊಲಿಂಗೊ 160ಕ್ಕೆ, ಮನೆಯಲ್ಲೇ ಕೂತು ಸುಮಾರು ಒಂದು ಗಂಟೆಯಲ್ಲಿ ಮುಗಿಸಬಹುದು. ಹಳೆಯ ಅಳತೆಯಲ್ಲಿ ಯುಸಿ ಕೇಳುತ್ತಿದ್ದದ್ದು ಕನಿಷ್ಠ 80, ಎಂಐಟಿ 90. ಇವು ಬಾಗಿಲ ಹೊಸ್ತಿಲು. 80 ಬಂತು ಅಂದರೆ ಅರ್ಜಿ ಓದುತ್ತಾರೆ, ಸೀಟು ಕೊಡುತ್ತಾರೆ ಅಂತಲ್ಲ. ಇನ್ನೊಂದು ವಿಷಯ, ಹೈಸ್ಕೂಲಿನ ಕೊನೆಯ ಮೂರು ವರ್ಷ ಇಂಗ್ಲಿಷಿನಲ್ಲೇ ಪಾಠ ಕೇಳಿದ ಮಗುವಿಗೆ ಯುಸಿ ಈ ಪರೀಕ್ಷೆಯನ್ನು ಕೇಳುವುದೇ ಇಲ್ಲ. ಬೇರೆ ಕಾಲೇಜುಗಳ ನಿಯಮ ಒಂದೊಂದು ಥರ. ಅವರ ವೆಬ್‌ಸೈಟ್ ನೋಡದೆ 300 ಡಾಲರ್ ಕೋಚಿಂಗಿಗೆ ಕಟ್ಟಬೇಡಿ.

ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಯನ್ನು ಯುಸಿ ಮತ್ತು ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾದ ಇನ್ನೊಂದು ಸರ್ಕಾರಿ ಯೂನಿವರ್ಸಿಟಿ ಬಳಗ) ಎರಡೂ ನೋಡುವುದಿಲ್ಲ. ಕೊಟ್ಟರೂ ನೋಡುವುದಿಲ್ಲ. ಎಂಐಟಿ 2022ರಲ್ಲಿ, ಹಾರ್ವರ್ಡ್, ಯೇಲ್, ಬ್ರೌನ್, ಡಾರ್ಟ್‌ಮತ್ 2024ರಲ್ಲಿ ಮತ್ತೆ ಕಡ್ಡಾಯದ ಕಡೆಗೆ ತಿರುಗಿದವು. ಈಗಿನ ಡಿಜಿಟಲ್ ಸ್ಯಾಟ್‌ನಲ್ಲಿ ಓದಿನ ಭಾಗದಲ್ಲಿ 64 ನಿಮಿಷಕ್ಕೆ 54 ಪ್ರಶ್ನೆ. ಪ್ರತಿ ಪ್ರಶ್ನೆಗೂ ಒಂದು ಚಿಕ್ಕ ಗದ್ಯ, 150 ಪದ ದಾಟುವುದಿಲ್ಲ. ಹಿಂದಿನ ಉದ್ದುದ್ದ ಗದ್ಯಗಳಿಗಿಂತ ನಮ್ಮ ಮಕ್ಕಳಿಗೆ ಇದು ವಾಸಿ. ಶಾಲೆಯಲ್ಲೇ ವಾರದ ದಿನ ನಡೆಸುವ ಸ್ಯಾಟ್ ಆದರೆ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಒಂದೂವರೆ ಪಟ್ಟು ಸಮಯ ಮತ್ತು ಪದಕ್ಕೆ ಪದ ಕೊಡುವ ನಿಘಂಟು ಬಳಸುವ ಅವಕಾಶ ಇದೆ. ಆ ಅಂಕವನ್ನೂ ಕಾಲೇಜಿಗೆ ಕಳಿಸಬಹುದು. ಶಾಲೆಯವರು ಮೊದಲೇ ಏರ್ಪಾಡು ಮಾಡಬೇಕು. ಕೇಳದಿದ್ದರೆ ತಾನಾಗೇ ಸಿಗುವುದು ಕಷ್ಟ.

ಪ್ರಬಂಧದ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಕಾಮನ್ ಆ್ಯಪ್ ಅಂದರೆ ಹಲವು ಕಾಲೇಜುಗಳಿಗೆ ಹಾಕುವ ಒಂದೇ ಅರ್ಜಿ. ಕಾಮನ್ ಆ್ಯಪ್‌ನಲ್ಲಿ 250ರಿಂದ 650 ಪದದ ಒಂದು ಪ್ರಬಂಧ. ಯುಸಿಗೆ ಎಂಟು ಪ್ರಶ್ನೆಯಲ್ಲಿ ನಾಲ್ಕು ಆರಿಸಿಕೊಂಡು ಒಂದೊಂದಕ್ಕೆ 350 ಪದದೊಳಗೆ ಉತ್ತರ. ಭಯ ಶುರುವಾಗುವುದು ಇಲ್ಲೇ.

ಒಬ್ಬ ಹುಡುಗ ತನ್ನ ಪ್ರಬಂಧ ತಂದು ತೋರಿಸಿದ. ಮನೆಯವರು ದುಡ್ಡು ಕೊಟ್ಟು ಯಾರಿಂದಲೋ ತಿದ್ದಿಸಿದ್ದರು. ಮೊದಲ ಸಾಲಿನಲ್ಲೇ ನಾಲ್ಕು ದೊಡ್ಡ ದೊಡ್ಡ ಪದ. ಒಂದರ ಮೇಲೆ ಬೆರಳಿಟ್ಟು "ಇದರ ಅರ್ಥ ಏನಪ್ಪಾ?" ಅಂದೆ. ತಲೆ ತಗ್ಗಿಸಿದ. ಹಾಳೆ ಪಕ್ಕಕ್ಕಿಟ್ಟು, "ದಿನಾ ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತೀಯಾ?" ಅಂತ ಕೇಳಿದೆ. "ಬಾಗಿಲು ತೆಗೀತೀನಿ" ಅಂದ. ಅಪ್ಪನಿಗೆ ರಾತ್ರಿ ಪಾಳಿಯ ಕೆಲಸ. ಬೆಳಿಗ್ಗೆ 5ಕ್ಕೆ ಬರುತ್ತಾರೆ. ಬೆಲ್ ಮಾಡಿದರೆ ಪುಟ್ಟ ತಂಗಿ ಎದ್ದುಬಿಡುತ್ತಾಳೆ. ಅದಕ್ಕೆ ಇವನು ಹತ್ತು ನಿಮಿಷ ಮೊದಲೇ ಎದ್ದು ಬಾಗಿಲ ಹತ್ತಿರ ಕೂರುತ್ತಾನೆ. ಆ ಹತ್ತು ನಿಮಿಷ ಪದಗಳ ಪುಸ್ತಕ ಓದುತ್ತಾನೆ. ಹಾಗೆ ಎರಡು ವರ್ಷ. "ಇದನ್ನೇ ಬರಿ" ಅಂದೆ. "ಇದು ಬರೆಯುವಂಥದ್ದಾ?" ಅಂದ.

ಬರೆದ. ಪುಟ್ಟ ಪುಟ್ಟ ವಾಕ್ಯ. ಕ್ರಿಯಾಪದದ ಕಾಲದ ತಪ್ಪುಗಳಿದ್ದವು. ನಾನು ಗುರುತು ಹಾಕಿ ಕೊಟ್ಟೆ, ಅವನೇ ತಿದ್ದಿದ. ಮಾತು ಅವನದೇ ಉಳಿಯಿತು. ಅರ್ಜಿ ಓದುವವರು ದಿನಕ್ಕೆ ರಾಶಿ ರಾಶಿ ಪ್ರಬಂಧ ಓದುವವರು. ಇಂಗ್ಲಿಷ್ ಕ್ಲಾಸಿನಲ್ಲಿ ಬಿ ಬರುತ್ತಿರುವ ಮಗುವಿನ ಹೆಸರಲ್ಲಿ ವಕೀಲರು ಬರೆದಂಥ ಪ್ರಬಂಧ ಬಂದರೆ ಅವರಿಗೆ ಅನುಮಾನ ಬರುವುದು ಸಹಜ. ಎಐ ಬರೆದುಕೊಟ್ಟದ್ದನ್ನು ತನ್ನದೆಂದು ಕಳಿಸುವುದನ್ನು ಕಾಮನ್ ಆ್ಯಪ್ ಈಗ ಮೋಸ ಎಂದೇ ಪರಿಗಣಿಸುತ್ತದೆ. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲೇ ಒಂದು ಕರಡು ಬರೆದುಕೊಂಡು, ಆಮೇಲೆ ತನಗೆ ಬರುವ ಇಂಗ್ಲಿಷಿನಲ್ಲಿ ಬರೆಯಲಿ. ಅದರಲ್ಲಿ ತಪ್ಪೇನಿಲ್ಲ.

ಕಾಮನ್ ಆ್ಯಪ್ ಅರ್ಜಿಯಲ್ಲೇ ಚಟುವಟಿಕೆಗಳಿಗೆ ಹತ್ತು ಸಾಲು ಇರುತ್ತದೆ. "ನಮ್ಮ ಮಗು ಏನೂ ಮಾಡಿಲ್ಲ" ಅಂತ ಖಾಲಿ ಬಿಡುತ್ತಾರೆ. ತಂಗಿಯನ್ನು ನೋಡಿಕೊಳ್ಳುವುದು, ಮನೆಯವರಿಗೆ ಬ್ಯಾಂಕಿನ ಪತ್ರ ಓದಿ ಹೇಳುವುದು, ಅಂಗಡಿಯಲ್ಲಿ ಕೆಲಸ, ಇವುಗಳಿಗೆ ಅಲ್ಲೇ ಜಾಗವಿದೆ. ಮನೆಯ ಜವಾಬ್ದಾರಿ ಅನ್ನುವುದು ಅವರ ಪಟ್ಟಿಯಲ್ಲೇ ಇರುವ ಒಂದು ಬಗೆ. ಇನ್ನೊಂದು ಕಡೆ ಹೆಚ್ಚಿನ ಮಾಹಿತಿ ಅಂತ ಜಾಗ ಕೊಟ್ಟಿರುತ್ತಾರೆ. ಯಾವ ವರ್ಷ ಬಂದೆ, ಅಲ್ಲಿಯವರೆಗೆ ಯಾವ ಭಾಷೆಯಲ್ಲಿ ಓದಿದೆ, ಇಲ್ಲಿ ಯಾವ ಹಂತದಿಂದ ಶುರು ಮಾಡಿದೆ. ನಾಲ್ಕೇ ಸಾಲು, ದೂರಿನ ಧಾಟಿ ಬೇಡ. ಹತ್ತನೇ ಗ್ರೇಡಿನಲ್ಲಿ ಸಿ, ಹನ್ನೊಂದರ ಶುರುವಿಗೆ ಬಿ, ಅದರ ಕೊನೆಗೆ ಎ ಬಂದಿದ್ದರೆ ಆ ನಾಲ್ಕು ಸಾಲು ಓದಿದವರಿಗೆ ಆ ಏಣಿ ಕಾಣುತ್ತದೆ. ಇಲ್ಲದಿದ್ದರೆ ಸಿ ಮಾತ್ರ ಕಾಣುತ್ತದೆ. ಅಂದ ಹಾಗೆ ಕ್ಯಾಲ್ ಸ್ಟೇಟ್ ಮಾಮೂಲಿ ಅರ್ಜಿಯಲ್ಲಿ ಪ್ರಬಂಧವನ್ನೇ ಕೇಳುವುದಿಲ್ಲ. ಮುಖ್ಯವಾಗಿ ನೋಡುವುದು ಬೇಕಾದ ಕ್ಲಾಸುಗಳನ್ನು ಮುಗಿಸಿದ್ದಾರಾ, ಗ್ರೇಡ್ ಎಷ್ಟು ಅಂತ. ಲೆಕ್ಕ, ವಿಜ್ಞಾನದಲ್ಲಿ ಗಟ್ಟಿಯಿದ್ದು ಬರಹದಲ್ಲಿ ಹಿಂದಿರುವ ಮಗುವಿಗೆ ಇದು ದೊಡ್ಡ ಅನುಕೂಲ.

ಈಗ ಆ ಕೊರತೆ ಬೀಳುವ ವರ್ಷಗಳ ಮಾತಿಗೆ ಬರುತ್ತೇನೆ. ನನ್ನ ಪ್ರಕಾರ ಅದಕ್ಕೆ ಈ ದೇಶದಲ್ಲಿರುವ ಒಳ್ಳೆಯ ದಾರಿ ಕಮ್ಯುನಿಟಿ ಕಾಲೇಜು, ಅಂದರೆ ಊರಿನಲ್ಲೇ ಇರುವ ಎರಡು ವರ್ಷದ ಸರ್ಕಾರಿ ಕಾಲೇಜು. ಈ ಹೆಸರು ಎತ್ತಿದ ತಕ್ಷಣ ಮುಖಗಳು ಬಾಡುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಸ್ವಲ್ಪ ಕೇಳಿ.

ಹೈಸ್ಕೂಲ್ ಮುಗಿಸಿದ ಯಾರಿಗಾದರೂ ಅಲ್ಲಿ ಪ್ರವೇಶ ಇದೆ. ಕ್ಯಾಲಿಫೋರ್ನಿಯಾದ ನಿವಾಸಿ ಅಂತ ಲೆಕ್ಕಕ್ಕೆ ಬರುವವರಿಗೆ ಒಂದು ಯೂನಿಟ್‌ಗೆ 46 ಡಾಲರ್. ಎರಡು ವರ್ಷದ 60 ಯೂನಿಟ್‌ಗೆ 2,760 ಡಾಲರ್. ಪುಸ್ತಕ, ಸಣ್ಣಪುಟ್ಟ ಶುಲ್ಕ ಬೇರೆ. ಯುಸಿಯಲ್ಲಿ ಒಂದೇ ವರ್ಷದ ಶುಲ್ಕ 14 ಸಾವಿರ ಡಾಲರ್ ದಾಟುತ್ತದೆ, ಊಟ ವಸತಿ ಬಿಟ್ಟು. ಕಮ್ಯುನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಯುವವರಿಗೆಂದೇ ಕ್ಲಾಸುಗಳಿವೆ. ಎರಡು ವರ್ಷ, ಬೇಕಾದರೆ ಮೂರು ವರ್ಷ ಓದಿ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್ ಆಗಬಹುದು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಯುಸಿಯ ಈ ಆರು ಕ್ಯಾಂಪಸ್‌ಗಳು ಟ್ಯಾಗ್ ಅನ್ನುವ ಒಪ್ಪಂದದಲ್ಲಿ, ಹೇಳಿದ ಕ್ಲಾಸು ಹೇಳಿದ ಗ್ರೇಡಿನಲ್ಲಿ ಮುಗಿಸಿದರೆ ಸೀಟು ಖಾತ್ರಿ ಅಂತ ಬರೆದುಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಅದರಲ್ಲಿ ಇಲ್ಲ. ಆದರೂ ನೋಡಿ, ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಇತ್ತೀಚಿನ ವರ್ಷಗಳಲ್ಲಿ ಹೈಸ್ಕೂಲಿನಿಂದ ನೇರ ಬರುವ 100 ಅರ್ಜಿಗಳಲ್ಲಿ ಸುಮಾರು 9 ತೆಗೆದುಕೊಂಡರೆ, ಟ್ರಾನ್ಸ್‌ಫರ್ ಅರ್ಜಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದನ್ನು ತೆಗೆದುಕೊಂಡಿದೆ. ಟ್ರಾನ್ಸ್‌ಫರ್‌ಗೆ ಸ್ಯಾಟ್ ಬೇಡ. ಹತ್ತನೇ ಗ್ರೇಡಿನ ಆ ಸಿ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕೊನೆಗೆ ಸಿಗುವ ಡಿಗ್ರಿ ಸರ್ಟಿಫಿಕೇಟು ಎಲ್ಲರಿಗೂ ಒಂದೇ. ಫ್ಲಾರಿಡಾ, ವರ್ಜೀನಿಯಾದಲ್ಲೂ ಇಂಥ ಖಾತ್ರಿಯ ದಾರಿಗಳಿವೆ.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ. ಕಮ್ಯುನಿಟಿ ಕಾಲೇಜಿಗೆ ಸೇರುವವರಲ್ಲಿ ಹೆಚ್ಚಿನವರು ನಾಲ್ಕು ವರ್ಷದ ಡಿಗ್ರಿ ಬೇಕು ಅಂತಲೇ ಸೇರುತ್ತಾರೆ. ದೇಶದ ಲೆಕ್ಕದಲ್ಲಿ ಟ್ರಾನ್ಸ್‌ಫರ್ ಆಗುವವರು ಸುಮಾರು ಮೂರರಲ್ಲಿ ಒಬ್ಬರು. ಉಳಿದವರು ದಡ್ಡರಲ್ಲ. ಕೆಲಸಕ್ಕೆ ಹೋಗುತ್ತಾ ಒಂದೊಂದೇ ಕ್ಲಾಸು ತೆಗೆದುಕೊಂಡು ದಾರಿ ಉದ್ದವಾಗುತ್ತದೆ. ಟ್ರಾನ್ಸ್‌ಫರ್‌ಗೆ ಲೆಕ್ಕಕ್ಕೆ ಬರದ ಕ್ಲಾಸುಗಳಲ್ಲಿ ವರ್ಷ ಕಳೆಯುತ್ತದೆ. ಇಂಗ್ಲಿಷ್ ಕಲಿಕೆಯ ಮೆಟ್ಟಿಲುಗಳಲ್ಲೇ ಸುಸ್ತಾಗಿ ಬಿಡುತ್ತಾರೆ. ಈ ಮೆಟ್ಟಿಲುಗಳ ಕಾಟ ತಪ್ಪಿಸಲೆಂದೇ ಕ್ಯಾಲಿಫೋರ್ನಿಯಾ 2017ರಲ್ಲಿ ಎಬಿ 705 ಎಂಬ ಕಾನೂನು ತಂದಿತು. ಇಂಗ್ಲಿಷ್ ಕಲಿಯುವವರು ಮೂರು ವರ್ಷದೊಳಗೆ ಯೂನಿವರ್ಸಿಟಿ ಮಟ್ಟದ ಇಂಗ್ಲಿಷ್ ಕ್ಲಾಸು ಮುಗಿಸುವಂತೆ ಕಾಲೇಜುಗಳು ದಾರಿ ಮಾಡಿಕೊಡಬೇಕು. ಆದ್ದರಿಂದ ಸೇರಿದ ಮೊದಲ ಸೆಮಿಸ್ಟರಿನಲ್ಲೇ ಕೌನ್ಸೆಲರ್ ಜೊತೆ ಕೂತು, ಯಾವ ಯೂನಿವರ್ಸಿಟಿ, ಯಾವ ವಿಷಯ, ಅದಕ್ಕೆ ಯಾವ ಯಾವ ಕ್ಲಾಸು ಅಂತ ಬರೆಸಿಕೊಳ್ಳಬೇಕು. ಯಾವ ಕಾಲೇಜಿನ ಯಾವ ಕ್ಲಾಸು ಎಲ್ಲಿ ಸಲ್ಲುತ್ತದೆ ಅನ್ನುವುದನ್ನು ಅಸಿಸ್ಟ್ ಎಂಬ ವೆಬ್‌ಸೈಟ್ ತೋರಿಸುತ್ತದೆ. ಮನೆಯವರೂ ಪಕ್ಕದಲ್ಲಿ ಕೂತು ನೋಡಿ.

ಇನ್ನೊಂದು ದಾರಿ ಹೈಸ್ಕೂಲಿನಲ್ಲೇ ಒಂದು ವರ್ಷ ಜಾಸ್ತಿ ಇರುವುದು. ಹಲವು ರಾಜ್ಯಗಳಲ್ಲಿ 21 ವರ್ಷದವರೆಗೂ ಪುಕ್ಕಟೆ ಓದಬಹುದು. ಕ್ಯಾಲಿಫೋರ್ನಿಯಾದಲ್ಲಿ ತಡವಾಗಿ ಬಂದು ಸೇರಿದ ಕೆಲವು ಮಕ್ಕಳಿಗೆ ಐದನೇ ವರ್ಷ ಓದುವ ಅವಕಾಶ ಕಾನೂನಿನಲ್ಲೇ ಇದೆ. ಗೆಳೆಯರೆಲ್ಲ ಮುಂದೆ ಹೋದಾಗ ಮಗುವಿಗೆ ನೋವಾಗುತ್ತದೆ, ನಿಜ. ಅದನ್ನು ಮಗುವನ್ನೇ ಕೇಳಿ ತೀರ್ಮಾನಿಸಿ.

ವೀಸಾದ ಮಾತು ಇಲ್ಲಿ ಬಿಡುವಂತಿಲ್ಲ. ಎಚ್-4ರಲ್ಲಿರುವ, ಅಂದರೆ ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಆಧಾರದ ಮೇಲೆ ಇಲ್ಲಿರುವ ಮಗುವಿಗೆ 21 ತುಂಬಿದರೆ ಆ ವೀಸಾ ಮುಗಿಯಿತು. ಐದನೇ ವರ್ಷವೋ, ಕಮ್ಯುನಿಟಿ ಕಾಲೇಜಿನ ಮೂರನೇ ವರ್ಷವೋ ಯೋಚಿಸುವಾಗ ಆ ಹುಟ್ಟುಹಬ್ಬ ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ, ವಕೀಲರನ್ನು ಮೊದಲೇ ಕೇಳಿ. ಫಾಫ್ಸಾ ಅರ್ಜಿಯಿಂದ ಸಿಗುವ ಫೆಡರಲ್ ನೆರವು ಎಚ್-4 ಮಕ್ಕಳಿಗೆ ಇಲ್ಲ. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದು ಆದಾಯ ಕಡಿಮೆ ಇದ್ದವರಿಗೆ ಪೆಲ್ ಗ್ರ್ಯಾಂಟ್ ಎಂಬ, ಮರಳಿ ಕಟ್ಟಬೇಕಿಲ್ಲದ ಫೆಡರಲ್ ನೆರವು ಇದೆ, 2025-26ರಲ್ಲಿ ಗರಿಷ್ಠ 7,395 ಡಾಲರ್. ಕಮ್ಯುನಿಟಿ ಕಾಲೇಜಿಗೂ ಅದು ಸಲ್ಲುತ್ತದೆ.

ಆ ಆಲೂಗಡ್ಡೆಯ ಹುಡುಗಿ ಏನಾದಳು ಅಂತ ಒಬ್ಬರು ಕೇಳಿದರು. ಅವಳು ನನ್ನ ಕ್ಲಾಸು ಬಿಡಲಿಲ್ಲ. ಅಮ್ಮ ಒಪ್ಪಿದರು. ಪುಸ್ತಕದ ಹಿಂದಿನ ಪುಟದಲ್ಲಿ ಪ್ರಶ್ನೆಗಳ ಭಾಷೆಯನ್ನೇ ಒಂದು ಪಟ್ಟಿ ಮಾಡಿಕೊಂಡಳು. ಅಕೌಂಟ್ ಫಾರ್, ಜಸ್ಟಿಫೈ, ಕಂಪೇರ್, ಇನ್ಫರ್. ಪ್ರತಿಯೊಂದರ ಮುಂದೆ ಕನ್ನಡದಲ್ಲಿ ಏನು ಮಾಡಬೇಕು ಅಂತ. 'ಕಾರಣ ಕೊಡು.' 'ಸರಿ ಅಂತ ತೋರಿಸು.' 'ಎರಡನ್ನೂ ಪಕ್ಕ ಪಕ್ಕ ಇಡು.' 'ಬರೆದಿಲ್ಲದ್ದನ್ನು ಬರೆದದ್ದರಿಂದ ತಿಳಿ.' ಈಗ ಕಮ್ಯುನಿಟಿ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ, ಬಯಾಲಜಿಯನ್ನೇ ಓದುತ್ತಿದ್ದಾಳೆ. ಟ್ಯಾಗ್ ಅರ್ಜಿಯ ತಿಂಗಳು ಸೆಪ್ಟೆಂಬರ್. ಹಾಕಿದ್ದಾಳೆ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. "ನನಗೇ ಇಂಗ್ಲಿಷ್ ಬರೋದಿಲ್ಲಮ್ಮಾ. ಕೌನ್ಸೆಲರ್ ಹತ್ರ ಹೋಗಿ ಏನಂತ ಕೇಳಲಿ? ಮಗನೇ ಹೇಳಬೇಕು. ಅವನು ಅರ್ಧ ಹೇಳ್ತಾನೆ, ಅರ್ಧ ಬಿಡ್ತಾನೆ."

ಅಕ್ಕಾ, ನಿಮ್ಮ ಮಗನನ್ನು ದುಭಾಷಿ ಮಾಡಬೇಡಿ. ಇಂಗ್ಲಿಷ್ ಬಾರದ ಪೋಷಕರಿಗೆ ಮಗುವಿನ ಓದಿನ ವಿಷಯವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದು ಶಾಲೆಯ ಕರ್ತವ್ಯ. 1964ರ ನಾಗರಿಕ ಹಕ್ಕು ಕಾನೂನಿನಿಂದ ಬಂದದ್ದು ಅದು. ಶಾಲೆಯ ಆಫೀಸಿಗೆ ಫೋನ್ ಮಾಡಿ ಎರಡೇ ಪದ ಹೇಳಿ: 'ಕನ್ನಡ ಇಂಟರ್‌ಪ್ರೆಟರ್.' ಶಾಲೆಯಲ್ಲಿ ಯಾರೂ ಇಲ್ಲದಿದ್ದರೆ ಫೋನಿನ ಮೂಲಕ ಕೊಡಿಸುತ್ತಾರೆ. ಮಗುವಿನ ಹೆಸರು, ಗ್ರೇಡು ಹೇಳಿ ದಿನ ಗೊತ್ತು ಮಾಡಿಕೊಳ್ಳಿ. ಹೋಗುವಾಗ ಆ ಎಲ್‌ಪ್ಯಾಕ್ ಹಾಳೆ ತೆಗೆದುಕೊಂಡು ಹೋಗಿ. ಮೊದಲ ಪ್ರಶ್ನೆ ಇದು: ನನ್ನ ಮಗನಿಗೆ ಇನ್ನೂ ಎಷ್ಟು ವರ್ಷದ ಇಂಗ್ಲಿಷ್ ಕ್ಲಾಸು ಬಾಕಿ ಇದೆ?

ಅವರು ಫೋನಿನ ಕವರಿನಿಂದ ಒಂದು ಚೀಟಿ ತೆಗೆದು, ಪಕ್ಕದವರ ಪೆನ್ನು ಇಸಿದುಕೊಂಡು, ಆ ಪ್ರಶ್ನೆಯನ್ನು ಕನ್ನಡದಲ್ಲೇ ಬರೆದುಕೊಂಡರು. ಆಮೇಲೆ ಕೇಳಿದರು, "ಸೋಮವಾರ ಆಫೀಸು ಎಷ್ಟು ಗಂಟೆಗೆ ತೆಗೀತಾರೆ?"